ದಿಗ್ವ್ರತವೂ ಪರದೇಶದ ಪಗಾರವೂ

ಗೃಹಸ್ಥ ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತಕ್ಕೆ ಇಂದು ದೊರೆಯುವ ಗಮನವು ಅತ್ಯಲ್ಪ. ಉಪವಾಸ, ಏಕಭುಕ್ತ, ರಾತ್ರಿಭೋಜನತ್ಯಾಗಗಳ ವಿಚಾರವು ಮನೆಮನೆಗಳಲ್ಲಿ ನಡೆಯುತ್ತದೆ. ಆದರೆ ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ಮೇರೆಯನ್ನು ದಾಟೆನೆಂಬ ವ್ರತವನ್ನು, ರೈಲು ವಿಮಾನಗಳಿಲ್ಲದ ಕಾಲಕ್ಕೆ ಸೇರಿದ್ದೆಂದು ಬದಿಗಿಡುವವರೇ ಹೆಚ್ಚು. ಹೀಗೆ ಬದಿಗಿಟ್ಟ ವ್ರತವೇ, ಪರದೇಶದ ನೌಕರಿಯ ಕರೆಯು ಮನೆಯ ಬಾಗಿಲಿಗೆ ಬಂದ ದಿನ, ಎಲ್ಲಕ್ಕಿಂತ ಮೊದಲು ನೆನಪಾಗಬೇಕಾದುದು. ಆ ಕರೆಯಲ್ಲಿ ದೂರವೂ ಇದೆ, ದ್ರವ್ಯವೂ ಇದೆ. ದೂರಕ್ಕೆ ಮೇರೆ ಹಾಕುವುದು ದಿಗ್ವ್ರತ, ದ್ರವ್ಯಕ್ಕೆ ಮೇರೆ ಹಾಕುವುದು ಪರಿಗ್ರಹಪರಿಮಾಣ. ಎರಡೂ ಒಂದೇ ಕಾಗದದಲ್ಲಿ ಪರೀಕ್ಷೆಗೆ ಬರುತ್ತವೆ.

ಧಾರವಾಡ ಜಿಲ್ಲೆಯ ನವಲಗುಂದ-ಅಣ್ಣಿಗೇರಿ ಸೀಮೆಯ ಶಲವಡಿಯಂಥ ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರೆಯ ಹೊಲ, ಹತ್ತಿ, ಜೋಳ, ಕಡಲೆ, ಗೋಧಿಗಳ ಬೆಳೆ, ಮಳೆ ಹಿಡಿದರೆ ಸುಗ್ಗಿ, ಕೈಬಿಟ್ಟರೆ ಸಾಲ. ಇಂಥ ಊರಿನ ಶ್ರಾವಕ ಮನೆತನದ ತರುಣನೊಬ್ಬನು ಹುಬ್ಬಳ್ಳಿಯಲ್ಲಿ ಕಲಿತು, ದುಬೈಯಿಂದ ತಿಂಗಳಿಗೆ ಆರು ಸಾವಿರ ದಿರ್ಹಮುಗಳ ನೌಕರಿಯ ಪತ್ರವನ್ನು ಪಡೆದನೆಂದು ಭಾವಿಸಬಹುದು. ಮನೆಯಲ್ಲಿ ಮೊದಲು ಆಗುವ ಕೆಲಸ ಗುಣಾಕಾರ. ಒಂದು ದಿರ್ಹಮಿಗೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ. ಅಂದ ಮೇಲೆ ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಮೀರಿತು. ಹೊಲವು ವರ್ಷವೆಲ್ಲ ಬೆವರು ಸುರಿಸಿದರೂ ಕೊಡದ ಮೊತ್ತವೆಂದು ಎಲ್ಲರೂ ಬೆರಗಾಗುವರು.

ಆ ಬೆರಗಿಗೆ ಶಾಸ್ತ್ರದಲ್ಲಿ ಒಂದು ಹೆಸರುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವರು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಲೋಭಕ್ಕಿಂತ ಮುಂಚೆ ವಿಸ್ಮಯವು ನಿಂತಿರುವುದನ್ನು ಗಮನಿಸಬೇಕು. ಸಂಪತ್ತನ್ನು ಕಂಡು ಬೆರಗಾಗುವುದು ಲೋಕದಲ್ಲಿ ದೋಷವೆನಿಸದು. ಆದರೆ ಬೆರಗಾದವನ ಕೈಯಲ್ಲಿ ತಕ್ಕಡಿ ನೆಟ್ಟಗೆ ನಿಲ್ಲದು. ಆದುದರಿಂದ ವಿಚಾರಕ್ಕೆ ಮೊದಲು ವಿಸ್ಮಯವು ಇಳಿಯಬೇಕು. ಇಳಿಯುವ ಉಪಾಯವೂ ಲೆಕ್ಕವೇ. ಆದರೆ ಅದು ಪೂರ್ತಿ ಲೆಕ್ಕವಾಗಿರಬೇಕು.

ಪಗಾರವನ್ನು ರೂಪಾಯಿಗೆ ತಿರುಗಿಸಿದವನು ಖರ್ಚನ್ನೂ ರೂಪಾಯಿಗೆ ತಿರುಗಿಸಬೇಕು. ಅಲ್ಲಿಯ ಕೋಣೆಯ ಬಾಡಿಗೆ, ಅಲ್ಲಿಯ ತರಕಾರಿ, ಅಲ್ಲಿಯ ಬಸ್ಸು, ಎಲ್ಲವೂ ದಿರ್ಹಮಿನಲ್ಲಿಯೇ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ವೈಯಕ್ತಿಕ ವೇತನದ ಮೇಲೆ ಆದಾಯ ತೆರಿಗೆ ಇಲ್ಲವೆಂಬುದು ನಿಜ; ಯುರೋಪಿನ ದೇಶಗಳಲ್ಲಿಯಾದರೋ ತೆರಿಗೆ ಮತ್ತು ವಿಮೆಯ ಕಡಿತಗಳು ಕೈಗೆ ಬರುವ ಮುನ್ನವೇ ದೊಡ್ಡ ಪಾಲನ್ನು ಒಯ್ಯುತ್ತವೆ. ಪತ್ರದಲ್ಲಿ ಬರೆದ ಮೊತ್ತದಲ್ಲಿ ಮೂಲ ವೇತನವೆಷ್ಟು, ಭತ್ಯೆಯೆಷ್ಟು ಎಂಬುದನ್ನೂ ಬಿಡಿಸಿ ನೋಡಬೇಕು. ಆ ದೇಶದ ಕಾನೂನಿನಂತೆ ಪೂರ್ಣಾವಧಿಯ ನೌಕರನಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನವು ಸೇವಾಂತ್ಯದ ಉಪದಾನವಾಗಿ ಸಲ್ಲುತ್ತದೆ. ಆರು ಸಾವಿರದಲ್ಲಿ ಮೂರು ಸಾವಿರ ಮಾತ್ರ ಮೂಲ ವೇತನವಾಗಿದ್ದರೆ, ವರ್ಷಕ್ಕೆ ಸಲ್ಲುವುದು 2,100 ದಿರ್ಹಮ್. ಪೂರ್ತಿ ಮೊತ್ತದ ಮೇಲೆ ಎಣಿಸಿದವನು 4,200 ಎಂದುಕೊಂಡಿರುತ್ತಾನೆ. ಒಂದೇ ಪತ್ರ, ಒಂದೇ ಪಗಾರ. ಓದುವ ರೀತಿಯಲ್ಲಿ ಇಮ್ಮಡಿಯ ಅಂತರ.

ಬಾರದ ಲಾಭವನ್ನು ಬಂದಂತೆ ಎಣಿಸುವುದರ ಕಷ್ಟವನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಲಪ್ರಭಾ ಯೋಜನೆಯ ನೀರಿನಿಂದ ಹೊಲಗಳ ಬೆಲೆ ಹೆಚ್ಚಿತೆಂದು ಅಭಿವೃದ್ಧಿ ಕರವನ್ನು ವಿಧಿಸಿದಾಗ, ನೀರನ್ನೇ ಸರಿಯಾಗಿ ಕಾಣದ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆದು ಜೀವಹಾನಿಯಾಯಿತು. ಕಾಗದದ ಮೇಲಿನ ಸಮೃದ್ಧಿಗೂ ಕಣಕ್ಕೆ ಬಂದ ರಾಶಿಗೂ ಇರುವ ದೂರವನ್ನು ಅಷ್ಟು ದುಬಾರಿಯಾಗಿ ಕಲಿತ ನೆಲದ ಮಕ್ಕಳು, ನೌಕರಿಯ ಪತ್ರವನ್ನೂ ಅದೇ ಕಣ್ಣಿನಿಂದ ನೋಡುವುದು ಯುಕ್ತ.

ಆದರೆ ಲೆಕ್ಕವು ಸರಿಯಾದ ಮಾತ್ರಕ್ಕೆ ಪ್ರಶ್ನೆಯು ಮುಗಿಯುವುದಿಲ್ಲ. ಎಲ್ಲ ಕಳೆದು ತಿಂಗಳಿಗೆ ಅರವತ್ತು ಸಾವಿರ ಉಳಿಯುವುದೆಂದು ಖಚಿತವಾಯಿತು ಎನ್ನಬಹುದು. ಅದು ಹೆಚ್ಚೋ ಕಡಿಮೆಯೋ? ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಪಗಾರವನ್ನಿಟ್ಟ ಮೇಲೆ ಇನ್ನೊಂದರಲ್ಲಿ ಕಲ್ಲು ಬೇಕು. ಆ ಕಲ್ಲೇ ‘ಇಷ್ಟು ಸಾಕು’ ಎಂಬ ಪರಿಮಾಣ. ಅದನ್ನು ಮೊದಲೇ ಗೊತ್ತುಮಾಡದವನಿಗೆ ಎಷ್ಟು ಬಂದರೂ ತೂಕವಾಗದು. ಹಿಂದಿನವರು ಹಗೇವನ್ನು ತೋಡುವಾಗಲೇ ಅದರಲ್ಲಿ ಎಷ್ಟು ಚೀಲ ಜೋಳ ಹಿಡಿಯಬೇಕೆಂದು ಅಳೆದು ತೋಡುತ್ತಿದ್ದರು. ತಳವಿಲ್ಲದ ಹಗೇವನ್ನು ಯಾರೂ ತೋಡಲಿಲ್ಲ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಅಂದರೆ ಮಮತ್ವದ ಮೈಮರೆವಿನಲ್ಲಿ, ಗುರುತಿಸಿರುವರು. ರತ್ನಕರಂಡಕದಲ್ಲಿ ಹೆಸರಿಸಿರುವ ಶ್ಮಶ್ರುನವನೀತನ ಕಥೆಯು ಇದಕ್ಕೆ ದೃಷ್ಟಾಂತ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನೇ ಕೂಡಿಟ್ಟು ಒಂದು ಗಡಿಗೆ ತುಪ್ಪ ಮಾಡಿಕೊಂಡವನು ಅವನು. ಆ ತುಪ್ಪದಿಂದ ವ್ಯಾಪಾರ, ವ್ಯಾಪಾರದಿಂದ ಐಶ್ವರ್ಯ, ಐಶ್ವರ್ಯದಿಂದ ಅರಮನೆ ಎಂದು ಮಲಗಿದಲ್ಲಿಯೇ ಕನಸು ಹೆಣೆಯುತ್ತ, ಕಾಲೊತ್ತುವ ಕಾಲ್ಪನಿಕ ಮಡದಿಯನ್ನು ಲಲ್ಲೆಯಿಂದ ಒದ್ದನು. ಗಡಿಗೆ ಉರುಳಿತು, ಬೆಂಕಿ ಹೊತ್ತಿತು, ಅವನೂ ಬೆಂದನು. ಅವನಲ್ಲಿದ್ದ ವಸ್ತು ಒಂದು ಗಡಿಗೆ ಮಾತ್ರ; ಮೂರ್ಛೆಯಾದರೋ ಸಾಮ್ರಾಜ್ಯದಷ್ಟು. ಪರದೇಶಕ್ಕೆ ಹೋಗದೆ ಊರಲ್ಲಿಯೇ ಉಳಿದವನು ಅಪರಿಗ್ರಹಿ ಎಂದು ಹೇಳಲಾಗದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ದೂರದ ವಿಚಾರ. ದಿಗ್ವ್ರತವು ಅನ್ಯದೇಶಗಳ ಮೇಲಿನ ಭಯದಿಂದ ಹುಟ್ಟಿದುದಲ್ಲ. ಮನುಷ್ಯನ ಲಾಭದಾಸೆಯು ಹರಡುವಷ್ಟು ದೂರಕ್ಕೂ ಅವನಿಂದಾಗುವ ಹಿಂಸೆಯು ಹರಡುತ್ತದೆ. ಮೇರೆಯನ್ನು ಹಾಕಿಕೊಂಡವನು ಆ ಮೇರೆಯ ಆಚೆಗೆ ಪಾಪದಿಂದ ಪೂರ್ತಿ ನಿವೃತ್ತನಾಗುವುದರಿಂದ ಅವನ ಅಣುವ್ರತವೇ ಅಲ್ಲಿ ಮಹಾವ್ರತದಂತಾಗುವುದೆಂಬುದು ಆಚಾರ್ಯರ ಅಭಿಪ್ರಾಯ. ಈ ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದು. ಪೂರ್ವದಲ್ಲಿ ಇಷ್ಟು ಕಡಿಮೆ ಮಾಡಿಕೊಂಡು ಪಶ್ಚಿಮದಲ್ಲಿ ಅಷ್ಟನ್ನು ಹೆಚ್ಚಿಸಿಕೊಳ್ಳುವ ಚತುರತೆಯೂ ಇದರಲ್ಲಿ ಸೇರುತ್ತದೆ. ವ್ರತವನ್ನು ಈಗಾಗಲೇ ಯಾವಜ್ಜೀವ ಸ್ವೀಕರಿಸಿದವನಿಗೆ ಪಗಾರವು ಎಷ್ಟೇ ದೊಡ್ಡದಾಗಿದ್ದರೂ ಮೇರೆಯನ್ನು ಸರಿಸಲು ಕಾರಣವಾಗಲಾರದು. ಸರಿಸುವ ಬೆಲೆ ಗೊತ್ತಾದ ಬೇಲಿಯು ಬೇಲಿಯಲ್ಲ. ವ್ರತವನ್ನು ಸ್ವೀಕರಿಸದವನಿಗಾದರೆ ತಂದೆಯ ಅಥವಾ ಅಜ್ಜನ ಮೇರೆಯು ತಾನಾಗಿ ಅಂಟುವುದಿಲ್ಲ. ವ್ರತವು ಹೊಲದಂತೆ ವಾರಸಿನಿಂದ ಬರುವುದಲ್ಲ. ಅವನು ಹೋಗಬಹುದು, ಆದರೆ ಹೋಗುವ ಮೊದಲು ತನ್ನ ಮೇರೆಯನ್ನು ತಾನೇ ಹಾಕಿಕೊಳ್ಳತಕ್ಕದ್ದು.

ಮೊದಲು ವ್ರತ, ಆಮೇಲೆ ಪ್ರಯಾಣ ಎಂಬ ಈ ಕ್ರಮಕ್ಕೆ ಪ್ರಸಿದ್ಧ ನಿದರ್ಶನವಿದೆ. 1888ರಲ್ಲಿ ಮೋಹನದಾಸ ಗಾಂಧಿಯವರು ಇಂಗ್ಲೆಂಡಿಗೆ ಹೊರಟಾಗ ತಾಯಿಯ ಮನಸ್ಸು ಒಪ್ಪಲಿಲ್ಲ. ಜೈನಮುನಿ ಬೇಚರಜೀ ಸ್ವಾಮಿಗಳು ಮದ್ಯ, ಮಾಂಸ, ಸ್ತ್ರೀಸಂಗಗಳ ತ್ಯಾಗದ ಪ್ರತಿಜ್ಞೆಯನ್ನು ಮಾಡಿಸಿದ ಮೇಲೆಯೇ ಅಪ್ಪಣೆ ದೊರೆಯಿತು. 1893ರ ಶಿಕಾಗೋ ಸರ್ವಧರ್ಮ ಸಮ್ಮೇಲನಕ್ಕೆ ಆಹ್ವಾನ ಬಂದಾಗ ಆಚಾರ್ಯ ಆತ್ಮಾರಾಮಜಿಯವರು ಮುನಿಧರ್ಮದ ಕಟ್ಟಿಗೆ ಬದ್ಧರಾಗಿ ತಾವು ಹೋಗಲಿಲ್ಲ. ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಒಂದೇ ಸಮುದ್ರ, ಒಬ್ಬರಿಗೆ ಮೇರೆ, ಇನ್ನೊಬ್ಬರಿಗೆ ದಾರಿ.

ವ್ರತವನ್ನು ಒಯ್ಯುವವನು ಅದರ ಭಾರವನ್ನೂ ಮೊದಲೇ ತೂಗಬೇಕು. ಶಲವಡಿಯಲ್ಲಿ ಸೂರ್ಯಾಸ್ತವು ವರ್ಷವೆಲ್ಲ ಆರು ಗಂಟೆಯ ಆಸುಪಾಸಿನಿಂದ ಏಳರ ತುಸು ಆಚೆಯವರೆಗೆ ಮಾತ್ರ ಸರಿದಾಡುತ್ತದೆ. ರಾತ್ರಿಭೋಜನತ್ಯಾಗವು ಮನೆಯ ಅಭ್ಯಾಸದೊಳಗೆ ಸೇರಿಹೋಗುತ್ತದೆ. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯನು ನಾಲ್ಕು ಗಂಟೆಗೆ ಮೊದಲೇ ಮುಳುಗುವನು. ಐದಕ್ಕೆ ಕಚೇರಿ ಬಿಡುವವನಿಗೆ ಆ ತಿಂಗಳ ಬಹುಪಾಲು ಏಕಭುಕ್ತವೇ. ಜೂನಿನಲ್ಲಿ ಅದೇ ಊರಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ನಾರ್ವೆಯ ಟ್ರೋಮ್ಸೋ ಪಟ್ಟಣದಲ್ಲಿ ನವೆಂಬರಿನ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯೋದಯವೇ ಇಲ್ಲ. ಅಲ್ಲಿ ಗಡಿಯಾರವು ವ್ರತವನ್ನು ನಡೆಸಲಾರದು. ಜೀವದಯೆ ಮತ್ತು ಇಂದ್ರಿಯಸಂಯಮ ಎಂಬ ಮೂಲ ಕಾರಣಗಳನ್ನು ತಿಳಿದವನು ಮಾತ್ರ ನಡೆಸಬಲ್ಲನು. ಆದುದರಿಂದ ಪತ್ರಕ್ಕೆ ಉತ್ತರ ಬರೆಯುವ ಮುನ್ನ ರಜೆ ಮತ್ತು ಬಾಡಿಗೆಗಳ ಜೊತೆಗೆ ಸೂರ್ಯಾಸ್ತದ ಹೊತ್ತು, ಸ್ವಂತ ಅಡಿಗೆಯ ಅನುಕೂಲ, ದಶಲಕ್ಷಣ ಪರ್ವದ ದಿನಗಳಲ್ಲಿ ಬಿಡುವು ಇವನ್ನೂ ಕೇಳಿ ತಿಳಿಯತಕ್ಕದ್ದು. ಕೆಲಸವೇನೆಂಬುದನ್ನಂತೂ ಎಲ್ಲಕ್ಕೂ ಮೊದಲು ಕೇಳಬೇಕು. ಆಶಾಧರ ಪಂಡಿತರು ವಿಷವಾಣಿಜ್ಯ, ದಂತವಾಣಿಜ್ಯ ಮೊದಲಾದ ಹದಿನೈದು ಖರಕರ್ಮಗಳನ್ನು ಎಣಿಸಿರುವರು. ಮದ್ಯದ ಉಗ್ರಾಣದ ಲೆಕ್ಕ ಬರೆಯುವುದಕ್ಕೆ ಎಷ್ಟು ಭತ್ಯೆ ಸೇರಿಸಿದರೂ ಅದು ಶ್ರಾವಕನ ಜೀವನೋಪಾಯವಾಗಲಾರದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಈಗ ಪರದೇಶಕ್ಕೆ ಹೋಗಲೇಬೇಕೆಂದಿಲ್ಲ. ಊರಲ್ಲಿ ಕುಳಿತೇ ಗಣಕಯಂತ್ರದ ಮೂಲಕ ಅಮೆರಿಕದ ಕಂಪನಿಗೆ ದುಡಿದು ಡಾಲರಿನ ಪಗಾರ ಪಡೆಯಬಹುದು. ಹೀಗಾದರೆ ದಿಗ್ವ್ರತವು ಉಳಿದಂತೆಯೇ ಅಲ್ಲವೇ? ಅಲ್ಪಕಾಲಕ್ಕೆ ಮೇರೆಯನ್ನು ಇನ್ನೂ ಕಿರಿದುಗೊಳಿಸುವ ದೇಶವ್ರತದ ಅತಿಚಾರಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಮೇರೆಯ ಹೊರಗಿನಿಂದ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಶಬ್ದದಿಂದ ಸೂಚಿಸುವುದು, ರೂಪವನ್ನು ತೋರಿಸುವುದು, ಹರಳನ್ನೆಸೆದು ಎಚ್ಚರಿಸುವುದು ಇವೇ ಆ ಐದು. ಕಾಲು ಗೆರೆಯೊಳಗಿದ್ದು ಧ್ವನಿಯೂ ಮುಖವೂ ಗೆರೆಯಾಚೆ ವ್ಯವಹರಿಸುವ ಸ್ಥಿತಿಯನ್ನು ಪ್ರಾಚೀನರು ಊಹಿಸದೆ ಬಿಡಲಿಲ್ಲ. ಮನೆಯಲ್ಲಿ ಕುಳಿತವನಿಗೂ ಮೇರೆ ಬೇಕೆಂಬುದೇ ಇದರ ತಾತ್ಪರ್ಯ. ಮಧ್ಯರಾತ್ರಿಯವರೆಗೆ ಪರದೇಶದ ಹಗಲಿಗೆ ದುಡಿದು, ಸಾಮಾಯಿಕದ ಹೊತ್ತಿನಲ್ಲಿ ನಿದ್ರಿಸುವವನು ಊರಲ್ಲಿದ್ದೂ ಊರಲ್ಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ತಂದೆಯ ಸಾಲ, ತಂಗಿಯ ಓದು, ತಾಯಿಯ ಔಷಧ ಇವು ಎದುರಿಗಿರುವಾಗ ಸಂತೋಷಗುಣವನ್ನು ಬೋಧಿಸುವುದು ಉಂಡವನು ಹಸಿದವನಿಗೆ ಉಪವಾಸವನ್ನು ಹೊಗಳಿದಂತಾಗದೇ? ಆಕ್ಷೇಪದಲ್ಲಿ ಸತ್ಯವಿದೆ. ಪರಿಗ್ರಹಪರಿಮಾಣವು ಬಡತನವನ್ನು ವಿಧಿಸುವುದಿಲ್ಲ, ಪರಿಮಾಣವನ್ನು ವಿಧಿಸುತ್ತದೆ. ಋಣವನ್ನು ತೀರಿಸುವುದೂ ಅವಲಂಬಿತರನ್ನು ಪೋಷಿಸುವುದೂ ಗೃಹಸ್ಥನ ಧರ್ಮವೇ. ಆದರೆ ಸಾಲಕ್ಕೆ ಮೊತ್ತವುಂಟು, ಓದಿಗೆ ವರ್ಷಗಳುಂಟು. ಇವುಗಳಿಗಾಗಿ ಹೋಗುವವನು ಎಷ್ಟು ಹಣಕ್ಕೆ, ಎಷ್ಟು ವರ್ಷಕ್ಕೆ ಎಂದು ಹೇಳಬಲ್ಲವನಾಗಿರುತ್ತಾನೆ. ಹೇಳಲಾರದವನು ತಂಗಿಯ ಹೆಸರಿನಲ್ಲಿ ತನ್ನ ಆಸೆಯನ್ನು ಕಳುಹಿಸುತ್ತಿದ್ದಾನೆಂದು ತಿಳಿಯಬಹುದು. ತಾಯಿಯ ಔಷಧಕ್ಕಾಗಿ ಹೊರಟವನು, ತಾಯಿಗೆ ಬೇಕಾದುದು ಔಷಧದ ಹಣವೋ ಅದನ್ನು ಕುಡಿಸುವ ಕೈಯೋ ಎಂದು ಅವಳನ್ನೇ ಕೇಳಬೇಕು. ಆ ಉತ್ತರವು ಯಾವ ನೌಕರಿಯ ಪತ್ರದಲ್ಲಿಯೂ ಇರುವುದಿಲ್ಲ.

ಹುಟ್ಟಿದ ನಾಡನ್ನು ಬಿಟ್ಟು ಒಡೆಯನಿದ್ದಲ್ಲಿಗೆ ಹೋಗುವುದು ಈ ಸೀಮೆಗೆ ಹೊಸತಲ್ಲ. 902ರಲ್ಲಿ ಜನಿಸಿದ ಆದಿಕವಿ ಪಂಪನಿಗೆ ಅಣ್ಣಿಗೇರಿಯು ತಾಯಿಯ ಕಡೆಯ ನಂಟಿನ ಊರೆಂಬುದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿದಿದೆ. ಅವನು ಆಶ್ರಯ ಪಡೆದುದು ಇಂದಿನ ತೆಲಂಗಾಣದ ವೇಮುಲವಾಡದಿಂದ ಆಳಿದ ಅರಿಕೇಸರಿಯಲ್ಲಿ. ಪಡೆದ ಸಂಭಾವನೆ ಧರ್ಮವುರವೆಂಬ ಅಗ್ರಹಾರ. ಆದರೂ ಬನವಾಸಿಯ ನೆನಪು ಅವನ ಕಾವ್ಯದಲ್ಲಿ ಆರಲಿಲ್ಲ. ದೂರ ಹೋಗುವವನು ನೆನಪಿನ ಬೆಲೆಯನ್ನೂ ತೆರಬೇಕಾಗುವುದು. ಆ ಬೆಲೆಯು ಪತ್ರದ ಯಾವ ಅಂಕಣದಲ್ಲಿಯೂ ಬರೆದಿರುವುದಿಲ್ಲ.

ಪರಿಮಾಣವನ್ನು ಮೀರಿ ಬಂದುದನ್ನು ಏನು ಮಾಡಬೇಕೆಂಬುದಕ್ಕೂ ಮೇಲ್ಪಂಕ್ತಿಯು ಹತ್ತಿರದಲ್ಲಿಯೇ ಇದೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹೆಚ್ಚಿದುದು ಹಗೇವಿನಲ್ಲಿ ಕೊಳೆಯಲಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳಾಗಿ ಹರಿಯಿತು.

ಹೀಗಿರುವಲ್ಲಿ ಶ್ರಾವಕನ ನಿರ್ಣಯಕ್ಕೆ ಒಂದು ಕ್ರಮವು ಒದಗುತ್ತದೆ. ಪತ್ರವನ್ನು ಮಡಿಸಿಟ್ಟು ಮೊದಲು ತನ್ನ ಪರಿಮಾಣವನ್ನು ಬರೆಯಬೇಕು: ಇಷ್ಟು ದ್ರವ್ಯ, ಇಷ್ಟು ವರ್ಷ, ಇಷ್ಟು ದೂರ. ಅನಂತರ ಪತ್ರವನ್ನು ಬಿಡಿಸಿ ಅದರ ಪಕ್ಕದಲ್ಲಿಡಬೇಕು. ಪತ್ರವು ಪರಿಮಾಣದೊಳಗೆ ಹಿಡಿದರೆ ಹೋಗುವುದರಲ್ಲಿ ದೋಷವಿಲ್ಲ. ಹಿಡಿಯದಿದ್ದರೆ ಉಳಿಯುವುದರಲ್ಲಿ ನಷ್ಟವಿಲ್ಲ. ಪತ್ರವನ್ನು ನೋಡಿ ಪರಿಮಾಣವನ್ನು ತಿದ್ದಿದರೆ ಮಾತ್ರ, ಅವನು ದುಬೈಗೆ ಹೋಗಲಿ ಶಲವಡಿಯಲ್ಲಿಯೇ ಇರಲಿ, ಮೇರೆಯನ್ನು ದಾಟಿದಂತೆಯೇ ಸರಿ.