ಮದುವೆಗೆ ಮುಂಚೆ ಕುಳಿತುಕೊಳ್ಳಿರಿ (ಲೂಕ 14:28, ಯೆಹೋಶುವ 9)

ಬೆಂಗಳೂರು, ಮಂಗಳೂರಿಂದ ರಜೆಗೆ ಬಂದ ಯೌವನಸ್ಥರು ಇವತ್ತು ತುಂಬಾ ಜನ ಇದ್ದೀರಿ, ದೇವರಿಗೆ ಸ್ತೋತ್ರ. ಸತ್ಯವೇದ ತೆಗೆಯಿರಿ, ಲೂಕ 14:28. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೋ ಅಂತ ಕರ್ತನು ಅಲ್ಲಿ ಕೇಳುತ್ತಾನೆ. ಇದು ಶಿಷ್ಯತ್ವದ ವಿಷಯ, ಮದುವೆಯದ್ದಲ್ಲ, ಗೊತ್ತುಂಟು. ಆದರೆ ಆ ಕುಳಿತುಕೊಳ್ಳುವ ಕೆಲಸ ಉಂಟಲ್ಲ, ಮದುವೆ ಮಾಡುವವರೇ ಅದನ್ನು ಹೆಚ್ಚು ಮರೆಯುವುದು.

ನಮ್ಮ ಮದುವೆಗಳು ನಡೆಯುವುದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ. ಅದು ಏನು ಕೇಳುತ್ತದೆ? ಹುಡುಗನಿಗೆ 21, ಹುಡುಗಿಗೆ 18 ಆಗಿರಬೇಕು. ಇಬ್ಬರಿಗೂ ಬೇರೆ ಜೀವಂತ ಸಂಗಾತಿ ಇರಬಾರದು. ಲೈಸನ್ಸ್ ಇರುವವರ ಎದುರು, ಕಡಿಮೆ ಎಂದರೆ ಇಬ್ಬರು ಸಾಕ್ಷಿಗಳ ಮುಂದೆ ಸ್ವೀಕರಿಸುವ ಮಾತು ಹೇಳಬೇಕು. ಅಧಿಕಾರ ಇಲ್ಲದವರು ಮದುವೆ ಮಾಡಿಸಿದರೆ 10 ವರ್ಷದವರೆಗೆ ಜೈಲು. (ಅದಕ್ಕೇ ನೀವು "ಬ್ರದರ್, ನೀವೇ ಮಾಡಿಸಿ" ಅಂದರೂ ನಾನು ಲೈಸನ್ಸ್ ಇರುವ ಹಿರಿಯ ಪಾಸ್ಟರನ್ನು ಕರೆಯುವುದು!) ಆದರೆ ನೀವಿಬ್ಬರೂ ಒಂದು ಗಂಟೆಯಾದರೂ ಕುಳಿತು ಮಾತಾಡಿದ್ದೀರಾ ಅಂತ ಆ ಕಾಯ್ದೆ ಎಲ್ಲಿಯೂ ಕೇಳುವುದಿಲ್ಲ.

ಬೇರೆ ಕಡೆ ಕೇಳುತ್ತಾರೆ. ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಕಾನೂನೇ ಮಾಡಿದರು: ಮದುವೆಗೆ ಮುಂಚೆ 4 ಗಂಟೆಯ ತರಗತಿ ಮುಗಿಸಿದ ಜೋಡಿಗೆ ಲೈಸನ್ಸ್ ಫೀಸು ಕಡಿಮೆ, 3 ದಿನ ಕಾಯುವುದೂ ಬೇಡ. ಟೆಕ್ಸಾಸಿನಲ್ಲಿ 8 ಗಂಟೆ. ಕಡ್ಡಾಯ ಅಲ್ಲ, ಬಂದವರಿಗೆ ರಿಯಾಯಿತಿ. ನಮ್ಮ ಪಕ್ಕದ ಗೋವಾ ಸರ್ಕಾರ 2021ರಲ್ಲಿ ಇದನ್ನು ಕಡ್ಡಾಯ ಮಾಡುತ್ತೇವೆ ಅಂತಲೇ ಹೇಳಿತ್ತು. ಅಷ್ಟು ದೂರ ಯಾಕೆ, ನಮ್ಮ ಊರಿನ ಕಥೋಲಿಕ ಸ್ನೇಹಿತರನ್ನು ಕೇಳಿ. ಮದುವೆ ತಯಾರಿಯ ಕೋರ್ಸ್ ಮಾಡಿ ಬನ್ನಿ ಅಂತ ಅವರಿಗೆ ಫಾದರ್ ಹೇಳುತ್ತಾರೆ.

ಸರ್ಕಾರ ಎಲ್ಲರಿಗೂ ಕಡ್ಡಾಯ ಮಾಡಬೇಕಾ? ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಇನ್ನೊಂದು ಸೀಲು, ಇನ್ನೊಂದು ಕೌಂಟರ್ ಆಗುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು ಈಗಲೇ 30 ದಿನದ ನೋಟಿಸ್ ಕೊಟ್ಟು ಕಾಯಬೇಕು. ಮನೆಯವರ ಬೆದರಿಕೆ ಇರುವ ಹುಡುಗಿಗೆ ಆ ದಿನಗಳು ಎಂಥವು ಅಂತ ಯೋಚಿಸಿ. ಆದರೆ ಸರ್ಕಾರ ಮಾಡುವುದು ಬೇಡ ಅನ್ನುವ ಸಭೆ ತಾನಾದರೂ ಮಾಡಬೇಕಲ್ಲ? ನಾವು ಎಂತ ಹೇಳುತ್ತೇವೆ? "ಪ್ರಾರ್ಥನೆ ಮಾಡಿದ್ದೇವೆ, ಸಮಾಧಾನ ಸಿಕ್ಕಿದೆ." ಆಮೆನ್. ಆದರೆ ಪ್ರಾರ್ಥನೆ ಮಾಡಿದವರು ವಿಚಾರಿಸಬಾರದು ಅಂತ ಯಾವ ವಚನ ಉಂಟು?

ಯೆಹೋಶುವ 9 ನೋಡಿ. ಗಿಬ್ಯೋನಿನವರು ಹಳೇ ಗೋಣಿ, ಸವೆದ ಕೆರ, ಬೂಸಲು ಹಿಡಿದ ರೊಟ್ಟಿ ತಂದು "ನಾವು ದೂರದವರು" ಅಂದರು. ಇಸ್ರಾಯೇಲಿನ ಪ್ರಧಾನರು ರೊಟ್ಟಿ ನೋಡಿದರು, ನಂಬಿದರು, ದೇವರನ್ನು ಕೇಳಲಿಲ್ಲ, ಪ್ರಮಾಣ ಮಾಡಿದರು. ಮೂರೇ ದಿನಕ್ಕೆ ಗೊತ್ತಾಯಿತು, ಇವರು ಪಕ್ಕದ ಊರಿನವರು! ಆಮೇಲೆ ಪ್ರಮಾಣ ಮುರಿಯಲಿಕ್ಕೂ ಆಗಲಿಲ್ಲ. ಇವತ್ತಿನ ರೊಟ್ಟಿ ಯಾವುದು? ಮ್ಯಾಟ್ರಿಮೊನಿ ಪ್ರೊಫೈಲು. ವಾಟ್ಸ್ಯಾಪಿಗೆ ಬಂದ ಫೋಟೊ. "ಕಂಪೆನಿಯಲ್ಲಿ ಒಳ್ಳೆ ಕೆಲಸ, ಆತ್ಮಿಕ ಹುಡುಗ" ಅನ್ನುವ ಒಂದು ವಾಕ್ಯ.

ಒಂದು ಮನೆಯ ವಿಷಯ ಹೇಳ್ತೇನೆ, ಊರು ಹೇಳುವುದಿಲ್ಲ. ಮದುವೆಯಾಗಿ ಎರಡನೇ ತಿಂಗಳು ಆ ತಂಗಿಗೆ ಗೊತ್ತಾಯಿತು: ಹಾಲಿನ ಬಾಡಿಗೆ, ಸೂಟು, ತನಗೆ ಹಾಕಿದ ಸರ ಎಲ್ಲವೂ ಸಾಲದಲ್ಲಿ. ಅವನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಇಎಂಐಗೇ ಹೋಗುತ್ತಿತ್ತು. ಅವಳು ಅತ್ತದ್ದು ಸಾಲಕ್ಕಲ್ಲ. "ನನಗೆ ಮೊದಲೇ ಹೇಳಬಹುದಿತ್ತಲ್ಲ ಬ್ರದರ್" ಅಂತ.

ಆದ್ದರಿಂದ ಕೇಳಿ, ತಮ್ಮಂದಿರೇ, ತಂಗಿಯರೇ. ಸಂಬಳ ಎಷ್ಟು, ಸಾಲ ಎಷ್ಟು? ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಯಾಕೆ? ಮದುವೆಯ ನಂತರ ಬೆಂಗಳೂರಲ್ಲೋ, ಇಲ್ಲಿ ಒಬ್ಬರೇ ಇರುವ ಅಮ್ಮನ ಹತ್ತಿರವೋ? ಕೋಪ ಬಂದಾಗ ಕೈ ಎತ್ತುತ್ತೀರಾ? "ಗಿಫ್ಟು" ಅಂತ ಮನೆಯವರು ಏನಾದರೂ ಕೇಳಿದ್ದಾರಾ? 1961ರ ಕಾಯ್ದೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಗಿಫ್ಟ್ ಅಂತ ಹೆಸರು ಬದಲಾಯಿಸಿದರೆ ದೇವರಿಗೆ ಗೊತ್ತಾಗುವುದಿಲ್ಲವಾ?

ಈ ತಿಂಗಳಿಂದ ನಮ್ಮ ಸಭೆಯಲ್ಲಿ ಒಂದು ಕ್ರಮ. ಹಾಲ್ ಬುಕ್ ಮಾಡುವ ಮುಂಚೆ ಆರು ಸಲ ಕುಳಿತುಕೊಳ್ಳಬೇಕು, ಇಬ್ಬರೂ. ಬೆಂಗಳೂರಲ್ಲಿ ಇರುವವರು ನಾಲ್ಕು ಸಲ ವಿಡಿಯೋ ಕಾಲಿನಲ್ಲಿ ಬನ್ನಿ, ಎರಡು ಸಲ ಇಲ್ಲಿಗೇ ಬರಬೇಕು. ಒಂದು ಸಲ ಹುಡುಗಿಯ ಹತ್ತಿರ ನಮ್ಮ ಹಿರಿಯ ಸಹೋದರಿಯರು ಮಾತ್ರ ಕುಳಿತುಕೊಳ್ಳುತ್ತಾರೆ. ಅಪ್ಪ ಅಮ್ಮ ಇಲ್ಲ, ನಾನೂ ಇಲ್ಲ. ಅಲ್ಲಿ ಅವಳು "ನನಗೆ ಬೇಡ" ಅಂದರೆ ಆ ಮಾತನ್ನು ಎರಡೂ ಮನೆಗೆ ಹೇಳುವ ಜವಾಬ್ದಾರಿ ಸಭೆಯದ್ದು, ಅವಳದ್ದಲ್ಲ.

ಎದ್ದು ನಿಲ್ಲೋಣ. ನಿಶ್ಚಯ ಆದವರು, ಮನೆಯಲ್ಲಿ ಮಾತುಕತೆ ನಡೆಯುತ್ತಿರುವವರು ಮುಂದೆ ಬನ್ನಿ, ಪ್ರಾರ್ಥಿಸೋಣ.