ಕರ್ತೃ ಯಾರು?

ಮಡಕೆಯನ್ನು ಮಾಡಿದವನು ಯಾರೆಂದರೆ ಕುಂಬಾರನೆಂದು ಮಕ್ಕಳೂ ಹೇಳುತ್ತಾರೆ. ಮಣ್ಣು ಉಪಾದಾನ, ದಂಡಚಕ್ರಗಳು ಸಾಧನ, ಕುಂಬಾರನು ಕರ್ತೃ. ಕರ್ತೃತ್ವಕ್ಕೆ ನಮ್ಮ ನೈಯಾಯಿಕರು ಮೂರು ಲಕ್ಷಣಗಳನ್ನು ಹೇಳಿದ್ದಾರೆ: ಉಪಾದಾನದ ಪ್ರತ್ಯಕ್ಷಜ್ಞಾನ, ಮಾಡಬೇಕೆಂಬ ಇಚ್ಛೆ, ಮಾಡುವ ಪ್ರಯತ್ನ. ಕುಂಬಾರನಲ್ಲಿ ಮೂರೂ ಒಟ್ಟಿಗಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ. ಅವು ಬೇರೆ ಬೇರೆಯವರಲ್ಲಿ ಹಂಚಿಹೋದಾಗ ಯಾರನ್ನು ಕರ್ತೃವೆನ್ನಬೇಕು? ಈ ಪ್ರಶ್ನೆ ನನಗೆ ತರ್ಕಗ್ರಂಥದಿಂದ ಬಂದದ್ದಲ್ಲ. ಒಂದು ಮರದ ಪೀಠದಿಂದ ಬಂದದ್ದು.

ನಮ್ಮ ಮನೆಯಲ್ಲಿ ತಂದೆಯವರ ಕಾಲದ ವ್ಯಾಸಪೀಠವೊಂದುಂಟು. ಒಂದೇ ಹಲಗೆಯನ್ನು ಎರಡಾಗಿ ಸೀಳಿ, ನಡುವೆ ಹಲ್ಲುಗಳು ಒಂದರೊಳಗೊಂದು ಸಿಕ್ಕಿಕೊಂಡು ತಿರುಗುವಂತೆ ಕೆತ್ತಿದ್ದಾರೆ. ಮೊಳೆಯಿಲ್ಲ, ಅಂಟಿಲ್ಲ. ಬಿಡಿಸಿದರೆ ಪುಸ್ತಕವನ್ನು ಹೊರುತ್ತದೆ. ಮಡಿಸಿದರೆ ಮತ್ತೆ ಹಲಗೆಯಾಗುತ್ತದೆ. ಮಗಳು ತನ್ನ ಲ್ಯಾಪ್‌ಟಾಪನ್ನು ಅದರ ಮೇಲಿಟ್ಟು ನೋಡಿದಳು, ನಿಲ್ಲಲಿಲ್ಲ. ಕತ್ತು ಬಗ್ಗಿಸಿ ದಿನವೆಲ್ಲ ದುಡಿಯುವ ಅವಳಿಗಾಗಿ ಒಂದು ಪೀಠವನ್ನು ಮಾಡಿಸಲು ಹೊರಟೆನು.

ಮನೆಯಲ್ಲಿದ್ದ ಹಲಸಿನ ಹಲಗೆಯನ್ನು ಬೆಂಗಳೂರಿನ ಒಂದು ಕಾರ್ಖಾನೆಗೆ ಒಯ್ದೆನು. ಅಲ್ಲಿನ ತರುಣನು ಗಣಕಯಂತ್ರದಲ್ಲಿ ನಕ್ಷೆ ಬರೆದು, ಅದನ್ನು ಅಂಕಿಗಳ ಆಜ್ಞೆಯಾಗಿ ಮಾರ್ಪಡಿಸಿ, ಸಿ.ಎನ್.ಸಿ. ಯಂತ್ರಕ್ಕೆ ಒಪ್ಪಿಸಿದನು. ಗಿರ್ರನೆ ತಿರುಗುವ ಉಕ್ಕಿನ ಮೊನೆ ಉದ್ದ, ಅಗಲ, ಆಳ ಎಂಬ ಮೂರು ದಿಕ್ಕುಗಳಲ್ಲಿ ಚಲಿಸಿ ಕೆಲವೇ ನಿಮಿಷಗಳಲ್ಲಿ ಹಲಗೆಯನ್ನು ಕೊರೆದುಬಿಟ್ಟಿತು. ಕೈ ಮುಟ್ಟದೆ ಅಂಕಿಗಳಿಂದಲೇ ಯಂತ್ರವನ್ನು ನಡೆಸುವ ಈ ವಿದ್ಯೆಯನ್ನು ಅಮೆರಿಕದಲ್ಲಿ 1952ರಲ್ಲಿ ತೋರಿಸಿದರು; ಆಗ ಆಜ್ಞೆಗಳು ತೂತು ಹೊಡೆದ ಪಟ್ಟಿಯಲ್ಲಿರುತ್ತಿದ್ದವು. ಅದಕ್ಕೂ ಹಿಂದೆ, 1804ರ ವೇಳೆಗೆ, ಫ್ರಾನ್ಸಿನ ಜಕಾರ್ಡನು ತೂತಿನ ಪತ್ರಗಳಿಂದ ಮಗ್ಗಕ್ಕೆ ಚಿತ್ತಾರ ಕಲಿಸಿದ್ದನು. ಮಗ್ಗದ ಬಳಿ ನಿಂತು ದಿನವೆಲ್ಲ ದಾರ ಎಳೆಯುತ್ತಿದ್ದ ಹುಡುಗರಿಗೆ ಅದರಿಂದ ಬಿಡುಗಡೆಯಾಯಿತು. ಆದುದರಿಂದ ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳಿಯುವ ಅಧಿಕಾರವೂ ನಮ್ಮೂರವರಿಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದಾಗ ಅದನ್ನು ಕರಗಿಸಿದ್ದು ಮೊದಮೊದಲು ಮಲೆನಾಡಿನ ಮರದ ಇದ್ದಲೇ. 1918ರ ಆ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಮರವೂ ಕಬ್ಬಿಣವೂ ಜೊತೆಯಾಗಿಯೇ ಇದ್ದವು.

ಪೀಠದ ಬಿಡಿಭಾಗಗಳನ್ನು ಬೆಟ್ಟದ ಇಳಿಜಾರಿನ ನಮ್ಮ ಮನೆಗೆ ತಂದಿಟ್ಟೆನು. ಆಷಾಢದ ಮಳೆ ಹಿಡಿಯಿತು. ಒಂದು ತಿಂಗಳ ಮೇಲೆ ಜೋಡಿಸಹೋದರೆ ಕಾಲು ಕಚ್ಚಿನೊಳಗೆ ಇಳಿಯಲೊಲ್ಲದು! ನಮ್ಮ ವೃದ್ಧ ಆಚಾರರನ್ನು ಕರೆಸಿದೆನು. ಅವರು ಹಲಗೆಯ ಮೇಲೆ ಬೆರಳಾಡಿಸಿ, “ಸ್ವಾಮಿ, ಕಚ್ಚನ್ನು ಎಳೆಗೆ ಅಡ್ಡವಾಗಿ ಕೊರೆದಿದ್ದಾರೆ. ಥಂಡಿಗೆ ಮರ ದಪ್ಪದಲ್ಲಿ ಉಬ್ಬುತ್ತದೆ, ಎಳೆಯುದ್ದಕ್ಕೆ ಉಬ್ಬುವುದಿಲ್ಲ. ಕಾಲು ಬೆಳೆದಿದೆ, ಕಚ್ಚು ಬೆಳೆದಿಲ್ಲ. ಮೂಲೆಯನ್ನಂತೂ ದುಂಡಗೆ ಬಿಟ್ಟಿದ್ದಾರೆ” ಎಂದರು. ಹೌದು, ತಿರುಗುವ ಮೊನೆ ದುಂಡಗಿರುವುದರಿಂದ ಒಳಮೂಲೆಯನ್ನು ಚೌಕವಾಗಿ ಕಡಿಯುವುದು ಅದಕ್ಕೆ ಸಾಧ್ಯವಿಲ್ಲ. ಆಚಾರರು ಉಳಿ ಕೊಡತಿಗಳಿಂದ ಮೂಲೆ ಬಿಡಿಸಿದರು. ಕಾಲನ್ನು ತೋಪಡದಿಂದ ಕೂದಲೆಳೆಯಷ್ಟು ಹೆರೆದರು. ಬೇಸಗೆಯಲ್ಲಿ ಮರ ಕುಗ್ಗಿದಾಗ ಅಲ್ಲಾಡಬಾರದೆಂದು ಎಣಿಸಿ, ಒಂದು ಹೆರೆತಕ್ಕೆ ಮೊದಲೇ ನಿಲ್ಲಿಸಿದರು. ಕಾಲು ಗಟ್ಟಿಯಾಗಿ ಕುಳಿತಿತು.

ಈಗ ನೈಯಾಯಿಕರ ಅಳತೆಗೋಲನ್ನು ಹಿಡಿದು ನೋಡೋಣ. ಇಚ್ಛೆ ನನ್ನದು. ಪ್ರಯತ್ನ ನಕ್ಷೆ ಬರೆದ ತರುಣನದು. ಯಂತ್ರವಾದರೋ ದಂಡಚಕ್ರಗಳ ಸಾಲಿಗೆ ಸೇರಿದ್ದು. ಉಪಾದಾನದ ಪ್ರತ್ಯಕ್ಷಜ್ಞಾನ ಯಾರಲ್ಲಿತ್ತು? ತರುಣನು ಹಲಗೆಯ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದಿದ್ದನು. ಅದು ಅಂದಿನ ಅಳತೆ. ಈ ಮರ ಈ ಬೆಟ್ಟದ ಮಳೆಯಲ್ಲಿ ಏನಾಗುವುದೆಂಬುದು ಆಚಾರರೊಬ್ಬರಿಗೇ ತಿಳಿದಿತ್ತು. ಅಂಥ ಜ್ಞಾನವನ್ನು ಅಂಕಿಯಾಗಿಸಿ ಯಂತ್ರಕ್ಕೆ ಕೊಡಬಹುದೆಂದು ಯಾರಾದರೂ ಆಕ್ಷೇಪಿಸಬಹುದು. ಕೊಡಬಹುದು, ಮರದ ಉಬ್ಬುವಿಕೆಗೂ ಲೆಕ್ಕವುಂಟು. ಆದರೆ ಆ ಲೆಕ್ಕವನ್ನು ಕೇಳಬೇಕೆಂದು ತೋಚುವುದಕ್ಕೂ ಮೊದಲು ಮರದೊಡನೆ ಬಾಳಿದವನೊಬ್ಬನು ಬೇಕು. ಅಂಥವರು ಇಲ್ಲವಾದರೆ ಯಂತ್ರವು ತಪ್ಪನ್ನೂ ಅಷ್ಟೇ ನಿಖರವಾಗಿ ಮಾಡುತ್ತದೆ.

ಇಷ್ಟು ಬರೆದ ಮೇಲೆ ಹೇಳಬೇಕಾದ ಇನ್ನೊಂದು ಮಾತುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾರ್ಖಾನೆಯವರು ಕೊಟ್ಟ ಬಿಲ್ಲಿಗೆ ನಾನು ಎದುರಾಡದೆ ಹಣ ತೆತ್ತಿದ್ದೆನು. ಆಚಾರರು ಅರ್ಧ ದಿನದ ಕೂಲಿ ಕೇಳಿದಾಗ, “ಒಂದು ಗಳಿಗೆಯ ಕೆಲಸಕ್ಕೆ ಇಷ್ಟೆ?” ಎಂದು ಚೌಕಾಸಿ ಮಾಡಿದೆನು. ಅವರು ಏನೂ ಹೇಳದೆ ಕೊಟ್ಟದ್ದನ್ನು ತೆಗೆದುಕೊಂಡು ಹೋದರು. ಯಂತ್ರವು ನಿಮಿಷಗಳಲ್ಲಿ ಮಾಡಿದ್ದನ್ನು ಕಂಡು ಬೆರಗಾದವನಿಗೆ, ಆಚಾರರು ಗಳಿಗೆಯಲ್ಲಿ ಮಾಡಿದ್ದು ಅಗ್ಗವಾಗಿ ಕಂಡಿತು. ಆ ಗಳಿಗೆಯ ಹಿಂದೆ ಅವರ ಇಡೀ ಆಯುಷ್ಯವಿದ್ದುದು ಕಾಣಲಿಲ್ಲ. ಸಂಜೆ ಬಂದ ನೆಂಟರಿಗೆ, “ಈ ಪೀಠ ನಾನೇ ಮಾಡಿಸಿದ್ದು” ಎಂದು ಹೇಳಿಕೊಂಡೆನು. ಆಚಾರರ ಹೆಸರು ಬಾಯಿಗೆ ಬರಲಿಲ್ಲ.

ಕರ್ತೃ ಯಾರೆಂಬ ಪ್ರಶ್ನೆ ಬರಿಯ ತರ್ಕವಲ್ಲವೆಂದು ನನಗೆ ಅಂದು ರಾತ್ರಿ ತಿಳಿಯಿತು. ಯಾರನ್ನು ಕರ್ತೃವೆಂದು ಒಪ್ಪುತ್ತೇವೆಯೋ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತೇವೆ, ಒಪ್ಪದವರೊಡನೆ ಚೌಕಾಸಿಗಿಳಿಯುತ್ತೇವೆ. ಮರುದಿನ ಮಳೆಯಲ್ಲೇ ಅವರ ಮನೆಗೆ ಹೋಗಿ ಬಾಕಿಯನ್ನು ಕೊಟ್ಟೆನು. “ಇದಕ್ಕೇಕೆ ಇಷ್ಟು ದೂರ ಬಂದಿರಿ, ಸ್ವಾಮಿ?” ಎಂದು ಕೇಳಿ, ಒಳಗಿನಿಂದ ಮಣೆ ತಂದು ಹಾಕಿದರು.