ಆರಡಿಯ ಪೆಟ್ಟಿಗೆ

ಅಮೆರಿಕದ ಟೋನಿ ಸ್ಮಿತ್ (1912–1980) ಫ್ರಾಂಕ್ ಲಾಯ್ಡ್ ರೈಟ್ ಬಳಿ ದುಡಿದು, ಸುಮಾರು ಎರಡು ದಶಕ ವಾಸ್ತುಶಿಲ್ಪಿಯಾಗಿದ್ದವರು. ಐವತ್ತರ ಹೊತ್ತಿಗೆ ಅಮೂರ್ತ ಶಿಲ್ಪದ ಕಡೆ ತಿರುಗಿದರು. ತಾವು ಬರೆದ ನಕಾಶೆಯನ್ನು ಮನೆಯವರು ಬದಲಿಸುತ್ತಾರೆಂಬ ಬೇಸರವೂ ಇದಕ್ಕೆ ಕಾರಣ.

ಈ ಬೇಸರ ನ್ಯಾಯವೇ? ನಮ್ಮ ವಿಜಯನಗರದ ಮೂವತ್ತು-ನಲವತ್ತರ ಸೈಟುಗಳನ್ನೇ ನೋಡಿ. ಮಗನಿಗೆ ಮದುವೆಯಾದರೆ ಮಹಡಿ ಏಳುತ್ತದೆ. ಯಜಮಾನರು ನಿವೃತ್ತರಾದರೆ ಮುಂದಿನ ಕೋಣೆ ಅಂಗಡಿಯಾಗುತ್ತದೆ. ನಕಾಶೆ ಬರೆದವರಿಗೆ ಇದು ವಿಕಾರವಾಗಿ ಕಂಡೀತು. ಆದರೆ ಅಲ್ಲಿ ಬಾಳುವವರ ಹಕ್ಕು ದೊಡ್ಡದು. ಹಾಗೆಂದು, ಜೀವನವಿಡೀ ಪರರ ಅಗತ್ಯಕ್ಕೆ ಗೆರೆ ಎಳೆದವರು ಕೊನೆಗೊಮ್ಮೆ ತಮ್ಮ ಮನಸ್ಸಿಗಷ್ಟೇ ಉತ್ತರ ಹೇಳಬೇಕಾದ್ದನ್ನು ಮಾಡಬಯಸಿದರೆ, ಅದನ್ನು ಸ್ವಾರ್ಥವೆನ್ನಲು ನಾನು ಒಪ್ಪಲಾರೆ.

ಸ್ಮಿತ್ 1962ರಲ್ಲಿ ಮಾಡಿಸಿದ ‘ಡೈ’ ಬರೀ ಉಕ್ಕಿನ ಪೆಟ್ಟಿಗೆ. ಫೋನಿನಲ್ಲಿ ಅಳತೆ ಹೇಳಿ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿಸಿದ್ದು. (ಶಿವಾರಪಟ್ಟಣದ ನಮ್ಮ ಶಿಲ್ಪಿಗಳು ಕೇಳಿದರೆ ನಕ್ಕಾರು!) ಉದ್ದ, ಅಗಲ, ಎತ್ತರ ಎಲ್ಲವೂ ಆರಡಿ. ಸ್ಮಾರಕವಾಗುವಷ್ಟು ದೊಡ್ಡದಲ್ಲ, ಮೇಜಿನ ಮೇಲಿಡುವಷ್ಟು ಚಿಕ್ಕದೂ ಅಲ್ಲ. ಆ ಇಂಗ್ಲಿಷ್ ಪದಕ್ಕೆ ಅಚ್ಚು ಎಂಬ ಅರ್ಥವಿದೆ, ಸಾಯಿ ಎಂಬ ಅರ್ಥವೂ ಇದೆ. ಆರಡಿ-ಮೂರಡಿ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯ ಅಳತೆ ಬಿಟ್ಟು ಹೊರಟವರು ಮನುಷ್ಯನ ಅಳತೆಯ ಮುಂದೆಯೇ ಬಂದು ನಿಂತಿದ್ದರು. ಈ ಪೆಟ್ಟಿಗೆಗೆ ಮಾತ್ರ ಯಾರೂ ಮಹಡಿ ಏರಿಸಲಿಲ್ಲ.